ಎಸಿಯಿಂದ ಗೋಡೆಗೆ ನೀರು ಇಳಿಯುತ್ತಿದೆ: ಡ್ರೈನ್ ಪೈಪು ಎಲ್ಲಿ ಕಟ್ಟಿಕೊಂಡಿದೆ ಎಂದು ತಿಳಿಯುವುದು ಹೇಗೆ?

ಪ್ರಶ್ನೆ (ಮಂಗಳೂರಿನಿಂದ)

ನಮಸ್ಕಾರ. ನಾವು ಮಂಗಳೂರಿನಲ್ಲಿ ಒಂದು ವಸತಿ ಸಮುಚ್ಚಯದ ಮೂರನೆಯ ಮಹಡಿಯಲ್ಲಿದ್ದೇವೆ. ತಾಯಿಯವರು ಮಲಗುವ ಕೋಣೆಗೆ ಮೂರು ವರ್ಷಗಳ ಹಿಂದೆ ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ ಹಾಕಿಸಿದ್ದೆವು. ಅವರು ಹೆಚ್ಚಿನ ಹೊತ್ತು ಹಾಸಿಗೆಯಲ್ಲೇ ಇರುವುದರಿಂದ, ಮೇ ತಿಂಗಳ ಈ ಸೆಕೆಯಲ್ಲಿ ರಾತ್ರಿಯಿಡೀ ಎಸಿ ಓಡಲೇಬೇಕಾಗುತ್ತದೆ. ಕಳೆದ ಮೂರು ವಾರಗಳಿಂದ ಒಳಗಿನ ಯೂನಿಟ್ಟಿನ ಮುಂಭಾಗದ ರೆಕ್ಕೆಗಳಿಂದ ಹನಿ ಬೀಳುತ್ತಿದೆ. ಎಸಿ ಹಾಕಿ ಸುಮಾರು ಮುಕ್ಕಾಲು ಗಂಟೆ ಕಳೆದ ಮೇಲೆ ಶುರುವಾಗುವ ಈ ಹನಿ ಬೆಳಗಿನ ಹೊತ್ತಿಗೆ ಗೋಡೆಯ ಮೇಲೆ ಧಾರೆಯಾಗಿ ಇಳಿದು, ಕೆಳಗಿರುವ ಸ್ವಿಚ್‌ಬೋರ್ಡಿನ ಅಂಚಿನವರೆಗೂ ತಲುಪುತ್ತಿದೆ. ತಾಯಿಯವರ ಮಂಚವನ್ನು ಸರಿಸಿದ್ದೇನೆ, ಆದರೆ ಭಯ ಹೋಗಿಲ್ಲ.

ದುರಸ್ತಿಗೆಂದು ಬಂದ ಇಬ್ಬರಲ್ಲಿ ಮೊದಲನೆಯವರು ಫಿಲ್ಟರ್ ತೊಳೆದು ಹೋದರು. ನಾಲ್ಕು ದಿನ ಸರಿಯಿದ್ದು ಮತ್ತೆ ಹನಿ ಶುರುವಾಯಿತು. ಎರಡನೆಯವರು ಗ್ಯಾಸ್ ಕಡಿಮೆಯಾಗಿದೆ, ತುಂಬಿಸಬೇಕು ಎಂದರು. ಕೋಣೆ ಮಾತ್ರ ಮೊದಲಿನಷ್ಟೇ ತಂಪಾಗುತ್ತಿದೆ, ಹಾಗಾಗಿ ನನಗೆ ಅದನ್ನು ನಂಬಲಾಗಲಿಲ್ಲ. ಡ್ರೈನ್ ಪೈಪು ಗೋಡೆಯ ರಂಧ್ರದಿಂದ ಹೊರಬಂದು, ಹೊರಗೋಡೆಯ ಉದ್ದಕ್ಕೂ ಸುಮಾರು ಹನ್ನೆರಡು ಅಡಿ ಸಾಗಿ, ಬಾಲ್ಕನಿಯಲ್ಲಿಟ್ಟಿರುವ ಒಂದು ಬಕೆಟ್ಟಿಗೆ ಇಳಿಯುತ್ತದೆ. ಆ ನೀರನ್ನು ನಾನು ಕರಿಬೇವು ಮತ್ತು ಮಲ್ಲಿಗೆಯ ಕುಂಡಗಳಿಗೆ ಹಾಕುತ್ತೇನೆ. ಕಳೆದ ವರ್ಷ ಬೆಳಗಾಗುವಷ್ಟರಲ್ಲಿ ಬಕೆಟ್ಟು ಹೆಚ್ಚುಕಡಿಮೆ ತುಂಬಿರುತ್ತಿತ್ತು, ಈಗ ಕಾಲು ಭಾಗವೂ ಆಗುತ್ತಿಲ್ಲ.

ಪೈಪು ಕಟ್ಟಿಕೊಂಡಿದೆಯೆಂದು ಖಚಿತಪಡಿಸಿಕೊಳ್ಳುವುದು ಹೇಗೆ? ಬಚ್ಚಲಿಗೆ ಹಾಕುವ ಆಸಿಡ್ಡನ್ನು ಒಂದಿಷ್ಟು ಸುರಿದರೆ ತೆರೆದುಕೊಳ್ಳುತ್ತದೆಯೆಂದು ನೆರೆಯವರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ?

ಉತ್ತರ 1 (ಉಡುಪಿಯ ಎಸಿ ತಂತ್ರಜ್ಞರು)

ಆಸಿಡ್ ಖಂಡಿತ ಬೇಡ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಉಳಿದುದನ್ನು ಓದುವ ಮೊದಲೇ ಯಾರಾದರೂ ಸುರಿದುಬಿಟ್ಟರೆ ಹೋದ ಕಾಯಿಲನ್ನು (ಒಳಗಿನ ಯೂನಿಟ್ಟಿನಲ್ಲಿ ಗಾಳಿಯನ್ನು ತಣಿಸುವ ಕೊಳವೆಗಳ ಸುರುಳಿ) ಮರಳಿ ತರಲಾಗುವುದಿಲ್ಲ. ಬಚ್ಚಲಿನ ಆಸಿಡ್ ಎಂದರೆ ಹೈಡ್ರೋಕ್ಲೋರಿಕ್ ಆಮ್ಲ; ಅದರ ಹಬೆ ತಗುಲಿದರೂ ಸಾಕು, ಕಾಯಿಲಿನ ಅಲ್ಯೂಮಿನಿಯಂ ಹಾಳೆಗಳು ಸವೆಯತೊಡಗುತ್ತವೆ. ನಮ್ಮ ಕರಾವಳಿಯ ಮನೆಗಳಲ್ಲಿ ಬಾವಿಗೆ ಹಾಕಲೆಂದು ಬ್ಲೀಚಿಂಗ್ ಪೌಡರ್ ಇದ್ದೇ ಇರುತ್ತದೆ. ಅದನ್ನು ಕಲಸಿ ಪೈಪಿಗೆ ಸುರಿದವರನ್ನೂ, ಅದರ ಮೇಲೆ ಆಸಿಡ್ ಸುರಿಯಲು ಹೊರಟವರನ್ನೂ ನಾನು ಕಂಡಿದ್ದೇನೆ. ಇವೆರಡೂ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಪೈಪಿನ ಇನ್ನೊಂದು ತುದಿ ನಿಮ್ಮ ತಾಯಿಯವರು ಮಲಗುವ ಕೋಣೆಯಲ್ಲಿ ತೆರೆದುಕೊಂಡಿದೆ ಎಂಬುದನ್ನು ಮರೆಯಬೇಡಿ. ಬ್ಲೀಚಿಗೆ ವಿನೆಗರ್ ಬೆರೆಸಿದರೂ ಅದೇ ಅಪಾಯ.

ಎರಡನೆಯ ಮಾತು ಸ್ವಿಚ್‌ಬೋರ್ಡಿನದು. ಗೋಡೆ ಒದ್ದೆಯಾಗಿರುವಾಗ ಆ ಬೋರ್ಡಿನ ಯಾವ ಸ್ವಿಚ್ಚನ್ನೂ ಮುಟ್ಟದೆ, ಮುಖ್ಯ ಫಲಕದಲ್ಲಿರುವ ಎಂಸಿಬಿಯನ್ನೇ (ವಿದ್ಯುತ್ತನ್ನು ಕಡಿಯುವ ಸ್ವಿಚ್ಚು) ಇಳಿಸಿ. ರಿಮೋಟಿನಿಂದ ಆರಿಸಿದರೆ ಯಂತ್ರ ನಿಲ್ಲುತ್ತದೆಯೇ ಹೊರತು ವಿದ್ಯುತ್ ನಿಲ್ಲುವುದಿಲ್ಲ. ಗೋಡೆ ಪೂರ್ತಿ ಒಣಗಿದ ಮೇಲೆ, ಒಳಗೆ ನೀರು ಹೋಗಿದೆಯೇ ಎಂದು ವಿದ್ಯುತ್ ಕೆಲಸದವರಿಂದ ಒಮ್ಮೆ ಆ ಬೋರ್ಡನ್ನು ತೆರೆಸಿ ನೋಡಿಸಿ.

ಈಗ ವಿಷಯಕ್ಕೆ ಬರುತ್ತೇನೆ. ಕಡುಬು ಬೇಯುವಾಗ ಅಟ್ಟಿಯ ಮುಚ್ಚಳದ ಒಳಮೈಯಲ್ಲಿ ಹಬೆ ಹನಿಗಟ್ಟುವಂತೆ, ಕೋಣೆಯ ಗಾಳಿಯಲ್ಲಿರುವ ತೇವ ತಣ್ಣಗಿನ ಕಾಯಿಲಿನ ಮೇಲೆ ಹನಿಗಟ್ಟುತ್ತದೆ. ಕರಾವಳಿಯ ಮೇ ತಿಂಗಳ ಗಾಳಿ ಸುಮಾರು 25 ಡಿಗ್ರಿಗೆ ತಣಿದರೂ ಸಾಕು, ಅದರಲ್ಲಿರುವ ತೇವ ಇಬ್ಬನಿಯಾಗತೊಡಗುತ್ತದೆ. ಕಾಯಿಲಿನ ಮೈಯೋ 10 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹಾಗಾಗಿ ಒಂದೂವರೆ ಟನ್ನಿನ ಯಂತ್ರ ಗಂಟೆಗೆ ಒಂದು ಲೀಟರಿನಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ನೀರು ಇಳಿಸುವುದು ನಮ್ಮಲ್ಲಿ ಸಹಜ. ಆ ನೀರು ಕಾಯಿಲಿನ ಕೆಳಗಿರುವ ಬೆರಳಗಲದ ತಟ್ಟೆಗೆ ಬಿದ್ದು, ಅದರ ಮೂಲೆಯ ರಂಧ್ರದಿಂದ ಡ್ರೈನ್ ಪೈಪಿಗೆ ಇಳಿಯುತ್ತದೆ. ಗೋಡೆಗೆ ಹಾಕುವ ಸಾಮಾನ್ಯ ಎಸಿಗಳಲ್ಲಿ ಇದಕ್ಕೆ ಪಂಪು ಇರುವುದಿಲ್ಲ. ನೀರು ತನ್ನ ತೂಕದಿಂದಲೇ ಹರಿದುಹೋಗಬೇಕು. ಮೇಸ್ತ್ರಿಗಳು ಹೇಳುವ ‘ವಾಟ’, ಅಂದರೆ ಪೈಪಿನ ಇಳಿಜಾರು, ಸರಿಯಿದ್ದರೆ ಹರಿಯುತ್ತದೆ, ಇಲ್ಲವಾದರೆ ನಿಲ್ಲುತ್ತದೆ. ನಿಂತ ನೀರಿನಲ್ಲಿ ಫಿಲ್ಟರ್ ದಾಟಿ ಬಂದ ಧೂಳು, ಹಾಸಿಗೆಯ ಹತ್ತಿಯ ನಾರು, ಬೂಷ್ಟು, ಬ್ಯಾಕ್ಟೀರಿಯಾಗಳು ಸೇರಿ ಲೋಳೆಯಾಗಿ ಬೆಳೆಯುತ್ತವೆ. ಪೈಪು ಕಟ್ಟಿಕೊಳ್ಳುವುದು ಬಹುಪಾಲು ಆ ಲೋಳೆಯಿಂದಲೇ.

ನೀವು ಬರೆದುದರಲ್ಲಿ ನನ್ನ ಗಮನ ಸೆಳೆದದ್ದು ಬಕೆಟ್ಟು. ಪೈಪಿನ ತುದಿ ಬಕೆಟ್ಟಿನ ಬಾಯಿಯ ಮೇಲಿದೆಯೇ, ಅಥವಾ ಒಳಗಿನ ನೀರಿನಲ್ಲಿ ಮುಳುಗಿದೆಯೇ? ತುದಿ ನೀರಿನಲ್ಲಿ ಮುಳುಗಿ, ಪೈಪು ನಡುವೆ ಎಲ್ಲಾದರೂ ಜೋತುಬಿದ್ದಿದ್ದರೆ, ಜೋತ ಕಡೆ ನಿಂತ ನೀರಿಗೂ ಬಕೆಟ್ಟಿನ ನೀರಿಗೂ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ತಟ್ಟೆಯಲ್ಲಿರುವ ಒಂದು ಇಂಚು ನೀರಿನ ಒತ್ತಡಕ್ಕೆ ಆ ಗಾಳಿಯನ್ನು ತಳ್ಳುವ ಶಕ್ತಿ ಇರುವುದಿಲ್ಲ. ಪೈಪು ಶುಚಿಯಾಗಿದ್ದರೂ ಆಗ ನೀರು ಇಳಿಯುವುದಿಲ್ಲ. ದಯವಿಟ್ಟು ಇದನ್ನು ಮೊದಲು ನೋಡಿ.

ಗ್ಯಾಸಿನ ಮಾತಿಗೆ ಪೂರ್ತಿ ಆಧಾರವಿಲ್ಲವೆನ್ನಲಾಗದು. ಗ್ಯಾಸ್ ಕಡಿಮೆಯಾದರೆ ಕಾಯಿಲಿನ ಒಂದು ಭಾಗದಲ್ಲಿ ಮಂಜುಗಟ್ಟುತ್ತದೆ, ಆ ಮಂಜು ಒಮ್ಮೆಗೇ ಕರಗಿ ತಟ್ಟೆಯನ್ನು ಮೀರುತ್ತದೆ. ಫಿಲ್ಟರಿನಲ್ಲಿ ಧೂಳು ತುಂಬಿದರೂ ಹೀಗೆಯೇ ಆಗಬಹುದು. ಆದರೆ ಗ್ಯಾಸ್ ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಿರುವ ವಸ್ತು, ಉರಿದು ಮುಗಿಯುವ ಇಂಧನವಲ್ಲ. ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರಿದೆಯೆಂದೇ ಅರ್ಥ, ಮತ್ತು ಸೋರಿಕೆ ಎಲ್ಲಿದೆಯೆಂದು ತೋರಿಸದೆ ತುಂಬಿಸುವುದು ಸರಿಯಾದ ಕೆಲಸವಲ್ಲ. ನಿಮ್ಮ ಕೋಣೆ ಮೊದಲಿನಂತೆ ತಂಪಾಗುತ್ತಿದೆ, ಮಂಜು ಕಂಡಿಲ್ಲ, ಬಕೆಟ್ಟಿನ ನೀರು ಮಾತ್ರ ಕಡಿಮೆಯಾಗಿದೆ. ಒಳಗೆ ಹುಟ್ಟಿದ ನೀರು ಹೊರಗೆ ತಲುಪುತ್ತಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಖಚಿತಪಡಿಸಿಕೊಳ್ಳಲು ಒಂದು ಪರೀಕ್ಷೆಯಿದೆ. ಎಂಸಿಬಿ ಇಳಿಸಿ, ಮುಂದಿನ ಮುಚ್ಚಳ ತೆರೆದು, ಫಿಲ್ಟರ್ ತೆಗೆಯಿರಿ. ವಿದ್ಯುತ್ ಭಾಗಗಳಿರುವ ಪೆಟ್ಟಿಗೆ ಸಾಮಾನ್ಯವಾಗಿ ಬಲತುದಿಯಲ್ಲಿರುತ್ತದೆ. ಅದರಿಂದ ದೂರದ ತುದಿಯಲ್ಲಿ, ಮೂತಿಯಿರುವ ಬಾಟಲಿಯಿಂದ ಅರ್ಧ ಲೀಟರ್ ನೀರನ್ನು ಕಾಯಿಲಿನ ಮೇಲೆ ನಿಧಾನವಾಗಿ, ಐದಾರು ನಿಮಿಷ ತೆಗೆದುಕೊಂಡು ಇಳಿಸಿ. ಹೊರಗೆ ಇನ್ನೊಬ್ಬರು ಅಳತೆಯ ಪಾತ್ರೆ ಹಿಡಿದಿರಲಿ. ಕಾಯಿಲು ಸ್ವಲ್ಪ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದರೂ ನಾನೂರು ಮಿಲಿಲೀಟರಿನಷ್ಟಾದರೂ ತಡವಿಲ್ಲದೆ ಹೊರಬರಬೇಕು. ಹಾಗೆ ಬಂದೂ ಒಳಗೆ ಹನಿ ಬೀಳುತ್ತಿದ್ದರೆ, ದೋಷ ಪೈಪಿನದಲ್ಲ. ಯೂನಿಟ್ಟು ಓರೆಯಾಗಿರಬಹುದು, ತಟ್ಟೆ ಬಿರುಕು ಬಿಟ್ಟಿರಬಹುದು, ಇಲ್ಲವೇ ಬಳಸದ ಕಡೆಯ ರಂಧ್ರಕ್ಕೆ ಹಾಕಿರುವ ರಬ್ಬರ್ ಬಿರಡೆ ಕಳಚಿರಬಹುದು. ಯೂನಿಟ್ಟಿನ ಹಿಂದಿನಿಂದ ಮಾತ್ರ ಗೋಡೆಗೆ ನೀರು ಇಳಿಯುತ್ತಿದ್ದರೆ ಹಿಂದಿನ ಚಿಕ್ಕ ತಟ್ಟೆಯ ಕಾಲುವೆಯನ್ನೂ ಅನುಮಾನಿಸಬೇಕು, ಅದಕ್ಕೆ ಯೂನಿಟ್ಟನ್ನು ಬಿಚ್ಚಿ ತೊಳೆಯುವವರು ಬೇಕಾಗುತ್ತದೆ.

ನೀರು ಬಾರದಿದ್ದರೆ ಹೊರತುದಿಯಿಂದ ಎಳೆಯಿರಿ, ಒಳಗಿನಿಂದ ತಳ್ಳಬೇಡಿ. ಒದ್ದೆ ಮತ್ತು ಒಣ ಎರಡಕ್ಕೂ ಆಗುವ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದರ ಕೊಳವೆಯನ್ನು ಪೈಪಿನ ತುದಿಗೆ ಹಿಡಿದು, ಗಾಳಿ ಸೋರದಂತೆ ಒದ್ದೆ ಬಟ್ಟೆ ಸುತ್ತಿ, ಎರಡು ಮೂರು ನಿಮಿಷ ನಡೆಸಿ. ಒಣ ಕಸಕ್ಕೆ ಮಾತ್ರ ಮಾಡಿದ ಯಂತ್ರವನ್ನು ಬಳಸಬಾರದು, ನೀರು ಅದರ ಮೋಟಾರಿಗೆ ಹೋಗುತ್ತದೆ. ಬಾಯಿಯಿಂದ ಹೀರುವುದು ಎಂದಿಗೂ ಬೇಡ, ಊದುವುದೂ ಬೇಡ. ಹೊರಗಿನಿಂದ ಜೋರಾಗಿ ಗಾಳಿ ಹೊಡೆದರೆ ಲೋಳೆಯೆಲ್ಲ ಹಿಂದಕ್ಕೆ ತಟ್ಟೆಗೆ ಚಿಮ್ಮುತ್ತದೆ, ಕೆಲವೊಮ್ಮೆ ಗೋಡೆಯೊಳಗಿನ ಜೋಡಣೆಯೇ ಕಳಚುತ್ತದೆ. ಕುದಿಯುವ ನೀರೂ ಬೇಡ, ಪಿವಿಸಿ ಪೈಪು ಮೆತ್ತಗಾಗಿ ಬಾಗುತ್ತದೆ. ಉಗುರುಬೆಚ್ಚಗಿನ ನೀರು ಸಾಕು.

ಉತ್ತರ 2 (ಕುಂದಾಪುರದವರು, ಈಗ ದುಬೈಯಲ್ಲಿ)

ನಾನು ಇಲ್ಲಿ ವಸತಿ ಕಟ್ಟಡಗಳ ನಿರ್ವಹಣೆಯ ಕೆಲಸದಲ್ಲಿದ್ದೇನೆ. ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳಲ್ಲಿ ಇಲ್ಲಿನ ಕಡಲ ತೀರದ ಗಾಳಿಯೂ ನಮ್ಮೂರಿನಂತೆಯೇ ಬೆವರುತ್ತದೆ. ಆ ಎರಡು ತಿಂಗಳು ನಮಗೆ ಬರುವ ದೂರುಗಳಲ್ಲಿ ದೊಡ್ಡ ಪಾಲು ಇದೇ. ಆದರೆ ಇಲ್ಲಿ ಹೆಚ್ಚಿನ ಮನೆಗಳಲ್ಲಿ ಯಂತ್ರ ಜಿಪ್ಸಂ ಚಾವಣಿಯ ಮೇಲೆ ಅಡಗಿರುತ್ತದೆ. ತಟ್ಟೆ ತುಂಬಿದ್ದು ಗೊತ್ತಾಗುವುದು ಚಾವಣಿಯಲ್ಲಿ ಕಂದು ಬಣ್ಣದ ವೃತ್ತವೊಂದು ಮೂಡಿದ ಮೇಲೆಯೇ. ಅದಕ್ಕಾಗಿ ತಟ್ಟೆಯಲ್ಲಿ ತೇಲುವ ಸ್ವಿಚ್ಚನ್ನು ಇಡುತ್ತೇವೆ, ನೀರು ಮೇಲೇರಿದರೆ ಅದು ಯಂತ್ರವನ್ನು ನಿಲ್ಲಿಸುತ್ತದೆ.

ನಾನು ಹೇಳಬೇಕಾದದ್ದು ‘ಟ್ರ್ಯಾಪ್’ ಎಂಬ ಯು ಆಕಾರದ ಬಾಗಿನ ಬಗ್ಗೆ. ಚಾವಣಿಯ ಯಂತ್ರಗಳಲ್ಲಿ ಫ್ಯಾನು ಗಾಳಿಯನ್ನು ಜೋರಾಗಿ ಎಳೆಯುವುದರಿಂದ ತಟ್ಟೆಯ ಬಳಿ ಒತ್ತಡ ಕಡಿಮೆಯಿರುತ್ತದೆ. ಪೈಪಿನಲ್ಲಿ ನೀರು ತುಂಬಿದ ಬಾಗು ಇಲ್ಲದಿದ್ದರೆ ಹೊರಗಾಳಿ ಪೈಪಿನೊಳಗಿಂದ ಮೇಲೇರಿ ನೀರನ್ನು ಇಳಿಯಗೊಡುವುದಿಲ್ಲ. ಹಾಗಾಗಿ ಇಲ್ಲಿ ಟ್ರ್ಯಾಪ್ ಬೇಕೇ ಬೇಕು. ಇದನ್ನು ನೋಡಿ ಊರಿಗೆ ಹೋದವರು ತಮ್ಮ ಮನೆಯ ಗೋಡೆಯ ಎಸಿಯ ಪೈಪಿಗೂ ಅಂಥದೇ ಬಾಗು ಕೊಡಿಸಿದ್ದನ್ನು ಕಂಡಿದ್ದೇನೆ. ಗೋಡೆಯ ಯೂನಿಟ್ಟಿಗೆ ಅದರ ಅಗತ್ಯವಿಲ್ಲ. ಬಾಗು ಕೊಟ್ಟಲ್ಲಿ ನೀರು ನಿಂತು, ಲೋಳೆ ಅಲ್ಲಿಯೇ ಬೆಳೆಯುತ್ತದೆ. ಬಕೆಟ್ಟಿನಲ್ಲಿ ಮುಳುಗಿದ ತುದಿಯೂ ಬೇಡದ ಕಡೆ ಕೊಟ್ಟ ಟ್ರ್ಯಾಪ್ ಇದ್ದಂತೆ, ಮೇಲಿನ ಉತ್ತರದಲ್ಲಿ ಹೇಳಿದ್ದು ಸರಿಯಾಗಿದೆ.

ತಟ್ಟೆಯಲ್ಲಿಡುವ ಪಾಚಿನಾಶಕ ಗುಳಿಗೆಗಳನ್ನು ನಾವು ಇಲ್ಲಿ ಬಳಸುತ್ತೇವೆ, ಒಳ್ಳೆಯ ಫಲವೂ ಸಿಗುತ್ತದೆ. ನಿಮ್ಮ ಯೂನಿಟ್ಟಿಗೆ ಅದನ್ನು ತರಿಸಬಹುದೇನೋ.

ಉತ್ತರ 3 (ಉಡುಪಿಯ ತಂತ್ರಜ್ಞರು)

ಗುಳಿಗೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಚಾವಣಿಯ ಯಂತ್ರದ ತಟ್ಟೆ ಅಗಲವಾದದ್ದು, ಅಲ್ಲಿ ಗುಳಿಗೆ ಒಂದು ಮೂಲೆಯಲ್ಲಿ ಕುಳಿತು ಕರಗುತ್ತದೆ. ಗೋಡೆಯ ಯೂನಿಟ್ಟಿನ ತಟ್ಟೆ ಕಿರಿದಾದ ಕಾಲುವೆಯಂತಿದ್ದು, ಅರ್ಧ ಕರಗಿದ ತುಂಡು ಸರಿದು ರಂಧ್ರಕ್ಕೇ ಅಡ್ಡವಾಗಿ ನಿಲ್ಲಬಹುದು. ನಾನು ಅದನ್ನು ಯಾರಿಗೂ ಹೇಳುವುದಿಲ್ಲ.

ಉತ್ತರ 4 (ರಾಯಚೂರಿನಿಂದ)

ನಮ್ಮ ಕಡೆಯ ತೊಂದರೆ ಬೇರೆ ರೀತಿಯದು. ಏಪ್ರಿಲ್, ಮೇ ತಿಂಗಳಲ್ಲಿ ಗಾಳಿ ಒಣಗಿರುವುದರಿಂದ ನಮ್ಮ ಕಿಟಕಿ ಎಸಿಯಿಂದ ನೀರು ಹೆಚ್ಚಾಗಿ ಬರುವುದೇ ಇಲ್ಲ. ಆದರೆ ಧೂಳು ಮಾತ್ರ ತಟ್ಟೆಯ ತಳದಲ್ಲಿ ಕೂತು ಗಟ್ಟಿಯಾಗುತ್ತದೆ. ಜೂನಿನಲ್ಲಿ ಮಳೆಯ ಗಾಳಿ ಬಂದ ವಾರವೇ ನೀರು ಇಳಿಯತೊಡಗಿ, ಆ ಧೂಳು ಕೆಸರಾಗಿ ಹಿಂದಿನ ರಂಧ್ರವನ್ನು ಮುಚ್ಚಿ, ನೀರು ಕೋಣೆಯೊಳಗೆ ಬಂದಿತ್ತು. ಈಗ ಮೇ ಕೊನೆಯಲ್ಲಿಯೇ ತಟ್ಟೆಯನ್ನು ತೊಳೆಸುತ್ತೇವೆ. ಕಿಟಕಿ ಎಸಿ ಇರುವವರು ಅದು ಹೊರಗಡೆಗೆ ಸ್ವಲ್ಪ ವಾಲಿದೆಯೇ ಎಂದು ನೋಡಿಕೊಳ್ಳಬೇಕು. ನಮ್ಮದು ಮರದ ಚೌಕಟ್ಟು ಕುಸಿದು ಒಳಗಡೆಗೆ ವಾಲಿತ್ತು.

ಪ್ರಶ್ನೆ ಕೇಳಿದವರ ಮರು ಬರಹ (ಹನ್ನೆರಡು ದಿನಗಳ ನಂತರ)

ಎಲ್ಲರಿಗೂ ಕೃತಜ್ಞತೆಗಳು. ನಡೆದದ್ದನ್ನು ವಿವರವಾಗಿ ಬರೆಯುತ್ತೇನೆ, ಇದೇ ತೊಂದರೆಯಲ್ಲಿರುವ ಬೇರೆಯವರಿಗೆ ಉಪಯೋಗವಾಗಬಹುದು.

ಪೈಪಿನ ತುದಿ ಬಕೆಟ್ಟಿನೊಳಗೆ ಒಂದು ಗೇಣು ಇಳಿದಿತ್ತು. ನೀರು ಗಾಳಿಗೆ ಚದುರಿ ಕೆಳಗಿನ ಮನೆಯವರ ಬಟ್ಟೆಗಳ ಮೇಲೆ ಬೀಳಬಾರದೆಂದು ನಾನೇ ಹಾಗೆ ಇಳಿಸಿದ್ದೆ. ಗಿಡಗಳಿಗೆ ಒಂದಿಷ್ಟು ನೀರು ಬಿಟ್ಟು ಉಳಿದುದನ್ನು ಬಕೆಟ್ಟಿನಲ್ಲೇ ಉಳಿಸುವುದು ರೂಢಿಯಾಗಿತ್ತು, ಹಾಗಾಗಿ ತುದಿ ದಿನದ ಹೆಚ್ಚಿನ ಹೊತ್ತು ಮುಳುಗಿಯೇ ಇರುತ್ತಿತ್ತು. ತುದಿಯನ್ನು ಎತ್ತಿ ನೋಡಿದರೆ ಒಳಗೆ ಹಸಿರು ಪಾಚಿ ಕಟ್ಟಿತ್ತು. ಪೈಪು ಬಿಳಿಯ, ಮಡಿಕೆ ಮಡಿಕೆಯಾಗಿರುವ ಜಾತಿಯದಾದ್ದರಿಂದ ಬಿಸಿಲು ಒಳಕ್ಕೂ ಹಾಯುತ್ತದೆ.

ಅರ್ಧ ಲೀಟರಿನ ಪರೀಕ್ಷೆ ಮಾಡಿದೆವು. ನಾನು ಒಳಗೆ ಸ್ಟೂಲಿನ ಮೇಲೆ ನಿಂತು ಸುರಿದೆ, ತಮ್ಮ ಬಾಲ್ಕನಿಯಲ್ಲಿ ಪಾತ್ರೆ ಹಿಡಿದ. ಹದಿನೈದು ನಿಮಿಷ ಕಾದರೂ ಬಂದದ್ದು ನೂರೈವತ್ತು ಮಿಲಿಲೀಟರಿನಷ್ಟು ಮಾತ್ರ, ಉಳಿದುದು ಮುಂದಿನ ರೆಕ್ಕೆಗಳಿಂದ ನೆಲಕ್ಕೆ ಇಳಿಯಿತು. ನಂತರ ಪರಿಚಯದವರ ವ್ಯಾಕ್ಯೂಮ್ ಕ್ಲೀನರ್ ತಂದು, ಒದ್ದೆ ಟವೆಲ್ ಸುತ್ತಿ ಎಳೆದೆವು. ಮೊದಲ ಒಂದು ನಿಮಿಷ ಯಂತ್ರ ಉಸಿರುಗಟ್ಟಿದಂತೆ ಸದ್ದು ಮಾಡಿತು, ಆಮೇಲೆ ಒಮ್ಮೆಗೇ ಸದ್ದು ಹಗುರಾಗಿ, ಒಳಗೆ ಏನೋ ಬಡಿದಂತಾಯಿತು. ಡಬ್ಬಿ ತೆರೆದಾಗ ಸಿಕ್ಕಿದ್ದು ನೆನೆಸಿಟ್ಟ ಕಾಮಕಸ್ತೂರಿ ಬೀಜದಂಥ ಕಂದು ಬಣ್ಣದ ಲೋಳೆ, ಅಂಗೈ ತುಂಬುವಷ್ಟು, ಅದರಲ್ಲಿ ಹತ್ತಿಯ ನಾರು ಮತ್ತು ತಾಯಿಯವರ ಬಿಳಿ ಕೂದಲಿನ ಎಳೆಗಳು. ಮತ್ತೆ ಅರ್ಧ ಲೀಟರ್ ಸುರಿದಾಗ, ಸುರಿದು ಮುಗಿದ ಎರಡು ನಿಮಿಷಗಳಲ್ಲಿ ನಾನೂರು ಮಿಲಿಲೀಟರಿಗಿಂತ ಹೆಚ್ಚು ಬಂತು. ಆ ರಾತ್ರಿ ನೆಮ್ಮದಿಯಿಂದ ಮಲಗಿದೆವು.

ಆರನೆಯ ದಿನ ಹನಿ ಮತ್ತೆ ಕಾಣಿಸಿತು. ಆಗ ನಿಜವಾಗಿ ಮನಸ್ಸು ಕುಗ್ಗಿತು. ತುದಿ ಈಗ ನೀರಿಗಿಂತ ಮೇಲಿತ್ತು, ಪೈಪು ಶುಚಿಯಾಗಿತ್ತು, ಮತ್ತೇನು ಕಾರಣ ಎಂದು ಹೊಳೆಯಲಿಲ್ಲ. ನಮ್ಮ ಸಮುಚ್ಚಯದಲ್ಲಿ ಗಾರೆ ಕೆಲಸಕ್ಕೆ ಬಂದಿದ್ದ ಹಿರಿಯ ಮೇಸ್ತ್ರಿಯೊಬ್ಬರು ರಸಮಟ್ಟವನ್ನು ಹೊರಗೋಡೆಯ ಪೈಪಿಗೆ ಹಿಡಿದು ನೋಡಿದ ಮೇಲೆ ಕಾರಣ ತಿಳಿಯಿತು. ಹನ್ನೆರಡು ಅಡಿಯ ಪೈಪಿಗೆ ಮೂರೇ ಮೂರು ಕ್ಲಾಂಪುಗಳಿದ್ದವು. ಬಿಸಿಲಿಗೆ ಮೆತ್ತಗಾದ ಪೈಪು ಅವುಗಳ ನಡುವೆ ಎರಡು ಕಡೆ ಜೋತುಬಿದ್ದಿತ್ತು. ಅದಕ್ಕಿಂತ ಮುಖ್ಯವಾಗಿ, ಮೊದಲ ಆರು ಅಡಿ ಇಳಿದು ಬಂದ ಪೈಪು ಕೊನೆಯ ಕ್ಲಾಂಪಿನ ಬಳಿ ಮುಕ್ಕಾಲು ಇಂಚು ಮತ್ತೆ ಮೇಲೇರಿತ್ತು. ಎಸಿ ಕೂರಿಸಿದ ದಿನದಿಂದಲೂ ಅದು ಹಾಗೆಯೇ ಇತ್ತೆಂದು ಕಾಣುತ್ತದೆ, ಪೈಪು ಹೊಸದಾಗಿ ಶುಚಿಯಾಗಿದ್ದಷ್ಟು ಕಾಲ ನೀರು ಹೇಗೋ ಹತ್ತಿ ಹೋಗುತ್ತಿತ್ತು. ಇಬ್ಬರು ದುರಸ್ತಿಯವರು ಬಂದು ಹೋದರೂ ಒಬ್ಬರೂ ಬಾಲ್ಕನಿಗೆ ಬಂದು ಪೈಪನ್ನು ನೋಡಲಿಲ್ಲವೆಂಬುದು ನನಗೆ ಬೇಸರ ತಂದ ಸಂಗತಿ.

ಮಡಿಕೆಯ ಪೈಪನ್ನು ತೆಗೆಸಿ, ಗೋಡೆಯ ರಂಧ್ರದಿಂದ ಮುಂದಕ್ಕೆ 25 ಮಿಲಿಮೀಟರಿನ ಗಟ್ಟಿ ಪಿವಿಸಿ ಪೈಪು ಹಾಕಿಸಿದೆ. ಎರಡೆರಡು ಅಡಿಗೆ ಒಂದು ಕ್ಲಾಂಪು, ಒಟ್ಟು ಉದ್ದಕ್ಕೆ ಮೂರು ಇಂಚಿನ ವಾಟ. ತುದಿ ಬಕೆಟ್ಟಿನ ಅಂಚಿಗಿಂತ ನಾಲ್ಕು ಬೆರಳು ಮೇಲಿದೆ. ಇದಾಗಿ ನಾಲ್ಕು ರಾತ್ರಿಗಳು ಕಳೆದಿವೆ, ಗೋಡೆ ಒಣಗಿದೆ, ನಿನ್ನೆ ಬೆಳಿಗ್ಗೆ ಅಳೆದಾಗ ಬಕೆಟ್ಟಿನಲ್ಲಿ ಒಂಬತ್ತು ಲೀಟರ್ ನೀರಿತ್ತು.

ಉತ್ತರ 5 (ಶಿವಮೊಗ್ಗದಿಂದ ಒಂದು ಉಪಪ್ರಶ್ನೆ)

ನಾವು ಹೊಸ ಮನೆ ಕಟ್ಟಿಸುತ್ತಿದ್ದೇವೆ, ಮುಂದಿನ ವಾರ ಗೋಡೆಗೆ ಪೈಪಿನ ಕಾಲುವೆ ಕೊರೆಯುವವರು ಬರುತ್ತಾರೆ. ಎಸಿಯ ನೀರಿನ ಪೈಪನ್ನು ಗೋಡೆಯೊಳಗೇ ಹೂಳಿಸಬೇಕೆಂದಿದ್ದೇವೆ. ಅವರಿಗೆ ಏನು ಹೇಳಬೇಕು?

ಉತ್ತರ 6 (ದಾವಣಗೆರೆಯ ಸಿವಿಲ್ ಎಂಜಿನಿಯರ್)

ಸಾಧ್ಯವಾದರೆ ಪೈಪನ್ನು ಗೋಡೆಯೊಳಗೆ ಅಡ್ಡಡ್ಡಲಾಗಿ ಕೊಂಡೊಯ್ಯಬೇಡಿ. ಎಸಿ ಕೂರುವ ಜಾಗವನ್ನೇ ಹೊರಗೋಡೆಯ ಮೇಲೆ ಅಥವಾ ಬಚ್ಚಲಿಗೆ ಹೊಂದಿಕೊಂಡ ಗೋಡೆಯ ಮೇಲೆ ಗೊತ್ತುಮಾಡಿದರೆ, ಒಂದಡಿ ಅಡ್ಡ ಹೋಗಿ ನೇರವಾಗಿ ಕೆಳಗಿಳಿಯುವ ಪೈಪು ಸಾಕಾಗುತ್ತದೆ, ಅಂಥ ಪೈಪು ಕಟ್ಟಿಕೊಳ್ಳುವುದು ಅಪರೂಪ. ನಕ್ಷೆಯ ಹಂತದಲ್ಲಿ ಯಾರೂ ಇದನ್ನು ಯೋಚಿಸುವುದಿಲ್ಲ, ಮಂಚ ಮತ್ತು ಬೀರುವಿನ ಜಾಗ ಗೊತ್ತಾದ ಮೇಲೆ ಉಳಿದ ಗೋಡೆಗೆ ಎಸಿ ಬರುತ್ತದೆ.

ಅಡ್ಡ ಹೋಗಲೇಬೇಕಾದರೆ ನೂರು ಇಂಚಿಗೆ ಒಂದು ಇಂಚಿನ ವಾಟ ಕನಿಷ್ಠ, ಐವತ್ತಕ್ಕೆ ಒಂದು ಕೊಟ್ಟರೆ ನಿಶ್ಚಿಂತೆ. ಕಾಲುವೆ ಕೊರೆಯುವವರು ಕಣ್ಣಳತೆಯಿಂದ ಕೊರೆಯುತ್ತಾರೆ, ನೀವು ದಾರ ಹಿಡಿಸಿ ಗೆರೆ ಹಾಕಿಸಿ. ಪೈಪು 25 ಮಿಲಿಮೀಟರಿಗಿಂತ ಕಿರಿದಾಗಿರಬಾರದು. ತಿರುವಿನಲ್ಲಿ ಒಂದು ನೇರ ಮೂಲೆಯ ಎಲ್ಬೋ ಬದಲಿಗೆ 45 ಡಿಗ್ರಿಯ ಎರಡು ಬಾಗುಗಳನ್ನು ಹಾಕಿಸಿದರೆ ಮುಂದೆ ಸ್ಪ್ರಿಂಗ್ ತಂತಿ ತೂರಿಸಿ ಶುಚಿಮಾಡಲು ದಾರಿ ಉಳಿಯುತ್ತದೆ. ಗೋಡೆಯೊಳಗಿನ ಪೈಪು ತಣ್ಣೀರಿನಿಂದ ಬೆವರಿ ಬಣ್ಣ ಉಬ್ಬಿಸುವುದರಿಂದ, ಮೊದಲ ಕೆಲವು ಅಡಿಗಾದರೂ ಫೋಮ್ ಕವಚ ಬೇಕು. ಗಾರೆ ಮೆತ್ತುವ ಮೊದಲೇ ಪೈಪಿನ ಎರಡೂ ಬಾಯಿಗಳನ್ನು ಮುಚ್ಚಿಸಿ. ಸಿಮೆಂಟಿನ ಹಾಲು ಒಳಗೆ ಹೋಗಿ ಗಟ್ಟಿಯಾದರೆ ಅದನ್ನು ತೆಗೆಯುವ ಉಪಾಯ ಗೋಡೆ ಒಡೆಯುವುದೊಂದೇ. ಮೆತ್ತುವ ಮುನ್ನ ಒಂದು ಬಿಂದಿಗೆ ನೀರು ಸುರಿದು, ಎಲ್ಲವೂ ಹೊರಬರುವುದನ್ನು ನಿಮ್ಮ ಕಣ್ಣಿಂದಲೇ ನೋಡಿ.

ಇನ್ನೊಂದು ಮಾತು. ಪೈಪನ್ನು ಶೌಚದ ಕೊಳವೆಗೆ ನೇರವಾಗಿ ಸೇರಿಸಲು ಬಿಡಬೇಡಿ. ದುರ್ನಾತ ಆ ಪೈಪಿನೊಳಗಿಂದಲೇ ಎಸಿಗೆ ಏರಿ, ಫ್ಯಾನು ಅದನ್ನು ಕೋಣೆಗೆಲ್ಲ ಹರಡುತ್ತದೆ, ಜಿರಲೆಗಳಿಗೂ ಅದೇ ದಾರಿ. ಬಚ್ಚಲಿನ ನೀರು ಹೋಗುವ ಜಾಲರಿಯ ಮೇಲೆ ಎರಡು ಮೂರು ಇಂಚು ಅಂತರದಲ್ಲಿ ತೆರೆದ ತುದಿ ಹನಿಯುವಂತಿರಲಿ.

ಉತ್ತರ 7 (ಪ್ರಶ್ನೆ ಕೇಳಿದವರು)

ಒಂದು ಸಂದೇಹ ಉಳಿದಿದೆ. ಮತ್ತೆ ಗೋಡೆ ಒದ್ದೆಯಾಗುವವರೆಗೆ ಕಾಯದೆ, ಪೈಪು ಕಟ್ಟಿಕೊಳ್ಳುತ್ತಿದೆಯೆಂದು ಮೊದಲೇ ತಿಳಿಯಲು ಸಾಧ್ಯವೇ? ವಿನೆಗರ್ ಹಾಕಬಹುದೆಂದು ಓದಿದ್ದೇನೆ. ಪೈಪಿನ ತುದಿಗೆ ಬಲೆಯನ್ನೂ ಕಟ್ಟಬೇಕೆಂದಿದ್ದೇನೆ, ಏಕೆಂದರೆ ಬಾಲ್ಕನಿಯಲ್ಲಿ ಕಣಜಗಳು ಮಣ್ಣಿನ ಗೂಡು ಕಟ್ಟುತ್ತವೆ.

ಉತ್ತರ 8 (ಉಡುಪಿಯ ತಂತ್ರಜ್ಞರು)

ಬಲೆ ಕಟ್ಟಿ, ಆದರೆ ಸೊಳ್ಳೆಪರದೆಯಷ್ಟು ಸಣ್ಣ ಕಣ್ಣಿನದು ಬೇಡ, ಅದರಲ್ಲಿ ಲೋಳೆಯೇ ಸಿಕ್ಕಿ ನಿಲ್ಲುತ್ತದೆ. ಅಕ್ಕಿಕಾಳು ದಾಟುವಷ್ಟು ಕಣ್ಣಿರುವ ಉಕ್ಕಿನ ಜಾಲರಿ ಸಾಕು. ಎಸಿ ಓಡುತ್ತಿರುವ ತಿಂಗಳುಗಳಲ್ಲಿ ಕಣಜ ಒದ್ದೆ ತುದಿಗೆ ಬರುವುದು ಕಡಿಮೆ; ಡಿಸೆಂಬರ್, ಜನವರಿಯಲ್ಲಿ ಎಸಿ ನಿಂತಿರುವಾಗ ಒಣಗಿದ ಪೈಪಿನಲ್ಲಿ ಗೂಡು ಕಟ್ಟುತ್ತದೆ. ಬೇಸಿಗೆಯಲ್ಲಿ ಮೊದಲ ಸಲ ಎಸಿ ಹಾಕುವ ಮುನ್ನ ತುದಿಯನ್ನು ನೋಡಿಕೊಳ್ಳಿ.

ವಿನೆಗರ್ ಕಟ್ಟಿಕೊಂಡ ಪೈಪನ್ನು ತೆರೆಯುವುದಿಲ್ಲ, ಶುಚಿಯಾದ ಪೈಪಿನಲ್ಲಿ ಲೋಳೆ ಬೆಳೆಯುವುದನ್ನು ತಡಮಾಡುತ್ತದೆ ಅಷ್ಟೆ. ಒಂದು ಲೋಟ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಕಾಯಿಲಿನ ಮೇಲೆ ಬೀಳದಂತೆ ತಟ್ಟೆಯ ರಂಧ್ರದ ಬಳಿಗೇ ಇಳಿಸಿ, ಅರ್ಧ ಗಂಟೆಯ ನಂತರ ಒಂದು ಲೀಟರ್ ಬರಿನೀರಿನಿಂದ ತೊಳೆಯಿರಿ. ಎರಡು ಮೂರು ತಿಂಗಳಿಗೊಮ್ಮೆ ಸಾಕು. ಅದಕ್ಕಿಂತ ಹೆಚ್ಚಿನ ಫಲ ಕೊಡುವುದು ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆಯುವುದು, ಏಕೆಂದರೆ ಲೋಳೆಗೆ ಆಹಾರವಾಗುವ ಧೂಳು ನಿಲ್ಲಬೇಕಾದದ್ದು ಅಲ್ಲಿ. ವರ್ಷಕ್ಕೊಮ್ಮೆ ತಟ್ಟೆ ಮತ್ತು ಫ್ಯಾನನ್ನು ಬಿಚ್ಚಿ ತೊಳೆಸಿ. ತೊಳೆಯಲು ಬಂದವರಿಗೆ ಅರ್ಧ ಲೀಟರಿನ ಪರೀಕ್ಷೆಯನ್ನು ನಿಮ್ಮೆದುರೇ ಮಾಡಿ ತೋರಿಸಲು ಹೇಳಿ, ಕೆಲಸ ಬಲ್ಲವರು ಅದಕ್ಕೆ ಬೇಸರಿಸುವುದಿಲ್ಲ.

ಮುಂಚಿತವಾಗಿ ತಿಳಿಯಲು ನಿಮ್ಮ ಬಳಿ ಬಕೆಟ್ಟೇ ಇದೆ. ಸೆಕೆಯ ರಾತ್ರಿಗೆ ಒಂಬತ್ತು ಲೀಟರ್ ಎಂಬುದು ಈಗ ನಿಮಗೆ ಗೊತ್ತಿರುವ ಅಳತೆ. ಬಕೆಟ್ಟಿನ ಒಳಗೆ ಆ ಮಟ್ಟಕ್ಕೆ ಒಂದು ಗೆರೆ ಎಳೆದಿಡಿ, ಪ್ರತಿದಿನ ಬೆಳಿಗ್ಗೆ ಪೂರ್ತಿ ಖಾಲಿ ಮಾಡಿ. ಚಳಿಯ ತಿಂಗಳಲ್ಲಿ ಗಾಳಿ ಒಣಗಿದಂತೆ ನೀರು ತಾನಾಗಿ ಕಡಿಮೆಯಾಗುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಆದರೆ ಹಿಂದಿನ ದಿನದಷ್ಟೇ ಸೆಕೆಯಿದ್ದು, ಎಸಿ ಅಷ್ಟೇ ಹೊತ್ತು ಓಡಿ, ನೀರು ಅರ್ಧಕ್ಕೆ ಇಳಿದಿದ್ದರೆ, ಆ ಬೆಳಿಗ್ಗೆಯೇ ಮುಚ್ಚಳ ತೆರೆದು ಪರೀಕ್ಷೆ ಮಾಡಿ.